ದೋಣಿಯೊಳಗೆ ನೀರು ಎಲ್ಲಿಂದ ಬರ್ತದ? ಭೀಮೆ ದಂಡೆಯಿಂದ ಒಂದು ದೋಷ ನಿವಾರಣೆ ಕೈಪಿಡಿ

ನಾನು ಪಂಪ್‌ಸೆಟ್ ರಿಪೇರಿ ಮಾಡುವವ. ಯಾದಗಿರಿ ಜಿಲ್ಲೆಯ ಭೀಮಾ ದಂಡೆಯಲ್ಲಿ, ಸನ್ನತಿ ಬ್ಯಾರೇಜಿನ ಕೆಳಗೆ ನಮ್ಮೂರು. ಮಳೆಗಾಲದಲ್ಲಿ ಹೊಳೆ ಏರಿತೆಂದರೆ ದಂಡೆಯ ಮೋಟರ್‌ಗಳನ್ನು ಬಿಚ್ಚಿ ಎತ್ತರಕ್ಕೆ ಸಾಗಿಸಬೇಕು, ಇಳಿಯಿತೆಂದರೆ ಮತ್ತೆ ಕೂಡಿಸಬೇಕು. ಅದಕ್ಕೆಂದೇ ತಮ್ಮ ಮತ್ತು ನಾನು ಸೇರಿ ಹದಿನೈದು ಅಡಿಯ ಹಳೆಯ ಫೈಬರ್ ದೋಣಿ ಕೊಂಡೆವು. ಕೊಂಡ ಮೂರೇ ತಿಂಗಳಲ್ಲಿ ಅದು ಎರಡು ಸಲ ಮುಳುಗಿತು. ಎರಡು ಸಲವೂ ನಡುಹೊಳೆಯಲ್ಲಲ್ಲ, ದಂಡೆಗೆ ಕಟ್ಟಿಟ್ಟಲ್ಲೇ, ರಾತ್ರಿ ಹೊತ್ತು, ಯಾರೂ ಇಲ್ಲದಾಗ.

ಆಮೇಲೆ ಸುತ್ತಲಿನ ಊರುಗಳ ಹತ್ತಾರು ದೋಣಿ, ಹರಗೋಲುಗಳಿಗೆ ಕೈ ಹಾಕಿದ್ದೇನೆ. ಪಂಪು ರಿಪೇರಿ ಮಾಡುವವನಿಗೆ ಇದು ಹೊಸ ವಿದ್ಯೆಯೇನಲ್ಲ. ನೀರು ಎಲ್ಲಿಂದ ಬಂತು, ಯಾವಾಗ ಬಂತು, ಎಷ್ಟು ಬಂತು, ಇಷ್ಟೇ ಪ್ರಶ್ನೆ. ಆದರೆ ದೋಣಿಯಲ್ಲಿ ನೀರು ಕಂಡ ಕೂಡಲೇ ಎಲ್ಲರೂ ಮೊದಲು ಮಾಡುವುದು ತಳದಲ್ಲಿ ತೂತು ಹುಡುಕುವುದು. ನಾನೂ ಅದನ್ನೇ ಮಾಡಿ ಕೆಟ್ಟೆ.

ಮೊದಲು ಹೊತ್ತು ಕೇಳಿ, ಆಮೇಲೆ ತೂತು

ನಮ್ಮೂರಲ್ಲಿ ಒಬ್ಬ ಅಂಬಿಗ ಕಾಕಾ ಇದ್ದಾನೆ. ಅಂಬಿಗರ ಚೌಡಯ್ಯನ ಹೆಸರು ಹೇಳಿಯೇ ಹುಟ್ಟು ಹಿಡಿಯುವ ಮನೆತನ. ನನ್ನ ದೋಣಿಯ ತಳಕ್ಕೆ ಮೂರನೇ ತೇಪೆ ಹಾಕುತ್ತಿದ್ದಾಗ ಬಂದು ನಿಂತು, ಬೀಡಿ ಹಚ್ಚಿ, ಒಂದೇ ಮಾತು ಕೇಳಿದ: “ನಿಂತಾಗ ಬರ್ತದೋ, ಹೊಂಟಾಗ ಬರ್ತದೋ? ಹೊರೆ ಇದ್ದಾಗೋ, ಖಾಲಿ ಇದ್ದಾಗೋ? ಅದು ಹೇಳು ಮೊದಲ. ತೂತಿನ ಮಾತು ಆಮ್ಯಾಲ.”

ನನ್ನ ಬಳಿ ಉತ್ತರ ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಯಾರೇ ದೋಣಿ ತೋರಿಸಲಿ, ಅದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ.

ಖಾಲಿ ನಿಂತಾಗಲೂ, ಮಳೆ ಇಲ್ಲದಾಗಲೂ ದಿನಾ ಒಂದೇ ಪ್ರಮಾಣದಲ್ಲಿ ನೀರು ಬರುತ್ತಿದ್ದರೆ ಅದು ನಿಜಕ್ಕೂ ನೀರಿನ ಮಟ್ಟದ ಕೆಳಗಿನ ದೋಷ. ತಳದ ಬಿರುಕು, ಸವೆದ ಏಣು (ತಳದ ನಡುವಿನ ಉದ್ದನೆ ದಿಂಡು), ಇಲ್ಲವೇ ಡ್ರೇನ್ ಬೂಚಿನ, ಅಂದರೆ ದೋಣಿಯ ನೀರು ಬಸಿಯುವ ತೂತಿನ ಮುಚ್ಚಳದ, ವಾಶರ್. ಈ ಮೂರರಲ್ಲಿ ವಾಶರನ್ನೇ ಮೊದಲು ನೋಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ದಂಡೆಯ ಮೇಲೆ ಮಗುಚಿಟ್ಟ ದೋಣಿಯ ರಬ್ಬರು ಒಣಗಿ ಸೀಳುತ್ತದೆ. ಹತ್ತು ರೂಪಾಯಿಯ ವಾಶರಿಗೆ ಸಾವಿರ ರೂಪಾಯಿಯ ರೆಸಿನ್ ಸುರಿದವರನ್ನು ಕಂಡಿದ್ದೇನೆ.

ನಿಂತಾಗ ಒಣ, ಎಂಜಿನ್ ಹಚ್ಚಿ ಹೊಂಟಾಗ ಮಾತ್ರ ನೀರು ಎಂದಾದರೆ ಎಂಜಿನ್ ಕೂರುವ ಹಿಂಬದಿ ಹಲಗೆಯ ಬೋಲ್ಟುಗಳನ್ನು ನೋಡಿ. ವೇಗ ಬಂದಾಗ ದೋಣಿಯ ಹಿಂಭಾಗ ಕುಳಿತುಕೊಳ್ಳುತ್ತದೆ, ನಿಂತಾಗ ನೀರಿನ ಮೇಲಿದ್ದ ಬೋಲ್ಟಿನ ತೂತು ಆಗ ನೀರಿಗಿಳಿಯುತ್ತದೆ. ಎಂಜಿನ್ನಿನ ನಡುಕಕ್ಕೆ ಬೋಲ್ಟು ಸಡಿಲಾಗಿ ಸುತ್ತ ಕಪ್ಪು ಗೆರೆ ಮೂಡಿದ್ದರೆ ಬೇರೆ ಸಾಕ್ಷಿ ಬೇಡ. ಬಿಚ್ಚಿ, ತೂತು ಒಣಗಿಸಿ, ಸೀಲಂಟ್ ತುಂಬಿ ಮತ್ತೆ ಬಿಗಿಯಿರಿ. ಒಳಗಿನ ಕಟ್ಟಿಗೆ ನೆನೆದು ಮೆತ್ತಗಾಗಿದೆಯೇ ಎಂದು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡುವುದನ್ನು ಮರೆಯಬೇಡಿ. ಚುಚ್ಚಿದ್ದು ಒಳಗೆ ಹೋಯಿತೆಂದರೆ ಸೀಲಂಟ್ ಕೆಲಸಕ್ಕೆ ಬಾರದು, ಹಲಗೆಯನ್ನೇ ಬದಲಿಸಬೇಕು. ಇಲ್ಲದಿದ್ದರೆ ಒಂದು ದಿನ ಎಂಜಿನ್ ಹಲಗೆ ಸಮೇತ ಹೊಳೆಗೆ ಹೋಗುತ್ತದೆ.

ನೀರಿನ ಬಣ್ಣವೂ ಮಾತಾಡುತ್ತದೆ. ಮಳೆಗಾಲದಲ್ಲಿ ಭೀಮೆ ಕೆಂಪು ರಾಡಿಯಾಗಿ ಹರಿಯುತ್ತಾಳೆ. ದೋಣಿಯೊಳಗಿನ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಅರ್ಧ ಗಂಟೆ ಇಡಿ. ತಳದಲ್ಲಿ ರಾಡಿ ಕುಳಿತರೆ ಹೊಳೆ ನೀರು, ತಿಳಿಯಾಗಿ ಉಳಿದರೆ ಮಳೆ ನೀರು. ದೋಣಿಯ ತಳ ಮೊದಲೇ ಮಣ್ಣಾಗಿದ್ದರೆ ಈ ಪರೀಕ್ಷೆ ನಡೆಯದು, ಮೊದಲ ದಿನ ತೊಳೆದಿಟ್ಟಿರಬೇಕು.

ನೀರು ಕಾಣುವುದೇ ಇಲ್ಲ, ಆದರೆ ದೋಣಿ ಮೊದಲಿಗಿಂತ ಭಾರವಾಗಿದೆ, ನಾಲ್ಕು ಮಂದಿ ಎಳೆಯುತ್ತಿದ್ದದ್ದಕ್ಕೆ ಆರು ಮಂದಿ ಬೇಕು ಎಂದಾದರೆ, ಎರಡು ಪದರದ ತಳದ ನಡುವೆ ನೀರು ಸೇರಿದೆ. ಬೆರಳ ಗಂಟಿನಿಂದ ತಟ್ಟುತ್ತ ಹೋಗಿ. ಟಣ್ ಎನ್ನುತ್ತಿದ್ದ ಸದ್ದು ಎಲ್ಲಿ ಮಂಕಾಗುತ್ತದೋ ಅಲ್ಲಿ ಸಣ್ಣ ತೂತು ಕೊರೆದು ಬಸಿಯಬೇಕು.

ನನ್ನ ದೋಣಿಯ ರೋಗ

ಮೂರು ಸಲ ತೇಪೆ ಹಾಕಿದರೂ ನಿಲ್ಲದ ನೀರಿನದು ಬೇರೆಯೇ ಕಥೆ. ಅದು ದಿನಾ ಬರುತ್ತಿರಲಿಲ್ಲ. ನಾಲ್ಕು ದಿನ ತಳ ಒಣಗಿದಂತಿರುತ್ತಿತ್ತು, ಐದನೇ ದಿನ ಮುಂಜಾನೆ ಹೋಗಿ ನೋಡಿದರೆ ಕೂಡುವ ಹಲಗೆಯವರೆಗೆ ನೀರು. ತಳದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡಿದ್ದವು, ಅವೇ ಕಳ್ಳರೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಖರೆ ಹೇಳಬೇಕೆಂದರೆ ಅವು ಮೇಲಿನ ಜೆಲ್‌ಕೋಟ್ ಪದರದ ಗೆರೆಗಳು, ಒಳಗೆ ಇಳಿದೇ ಇರಲಿಲ್ಲ.

ಕಾಕಾ ಕೇಳಿದ ರಾತ್ರಿ ಅಂಗಡಿಯ ರಿಜಿಸ್ಟರ್ ತೆಗೆದು ಕುಳಿತೆ. ನೀರು ತುಂಬಿದ ದಿನಗಳ ಹಿಂದಿನ ಸಂಜೆಗಳನ್ನು ನೋಡಿದರೆ, ಪ್ರತಿ ಸಲವೂ ಹಿಂಭಾಗದಲ್ಲಿ ಒಂದೋ ಎರಡೋ ಮೋಟರ್ ಇಳಿಸದೆ ಹಾಗೇ ಬಿಟ್ಟು ಮನೆಗೆ ಬಂದಿದ್ದೆವು. ಮತ್ತು ಪ್ರತಿ ಸಲವೂ ಕಟ್ಟುವ ಮೊದಲು, ಕಾಲಿನ ರಾಡಿ ನೀರು ಹೋಗಲೆಂದು, ತಳದ 12 ವೋಲ್ಟಿನ ಸಣ್ಣ ಪಂಪನ್ನು ಎರಡು ನಿಮಿಷ ಓಡಿಸಿದ್ದೆವು.

ಮರುದಿನ ಕಾಕಾ ಒಲೆಯ ಬೂದಿ ತಂದ. ತಳವನ್ನು ಅರಿವೆಯಿಂದ ಒರೆಸಿ ಒಣಗಿಸಿ, ತೆಳ್ಳಗೆ ಬೂದಿ ಉದುರಿಸಿದೆವು. ಹಿಂಭಾಗಕ್ಕೆ ಮೋಟರಿನ ತೂಕದ ಮರಳು ಚೀಲ ಇಟ್ಟೆವು. ಪಂಪಿನ ಗುಂಡಿಗೆ ಎರಡು ಬಕೆಟ್ ನೀರು ಹೊಯ್ದು, ಓಡಿಸಿ, ನಿಲ್ಲಿಸಿದೆವು. ಕಾಯುತ್ತ ಕೂತಂತೆ, ಮೊದಲು ಒದ್ದೆಯಾದದ್ದು ನನ್ನ ತೇಪೆಗಳ ಸುತ್ತಲಿನ ಬೂದಿಯಲ್ಲ, ಪಂಪಿನ ಬುಡದ ಬೂದಿ. ಹೊರಗೆ ಹಾಕಬೇಕಾದ ಪಂಪೇ ಹೊಳೆಯನ್ನು ಒಳಗೆ ಕರೆಯುತ್ತಿತ್ತು.

ಆ ಪಂಪು ಕೂಡಿಸಿದವ ನಾನೇ. ಎರಡು ಅಡಿ ಪೈಪು ಉಳಿಸಲು ನೀರು ಹೊರಬೀಳುವ ಬಾಯಿಯನ್ನು ಹಿಂಬದಿ ಹಲಗೆಯಲ್ಲಿ ಕೆಳಗೇ ಕೊರೆದಿದ್ದೆ. ಖಾಲಿ ದೋಣಿಯಲ್ಲಿ ಅದು ನೀರಿಗಿಂತ ನಾಲ್ಕು ಬೆರಳು ಮೇಲಿತ್ತು. ಹಿಂಭಾಗಕ್ಕೆ ಹೊರೆ ಬಿದ್ದಾಗ ಮುಳುಗುತ್ತಿತ್ತು. ಪೈಪು ಮಧ್ಯದಲ್ಲಿ ಸ್ವಲ್ಪ ಮೇಲೆದ್ದು ಬಾಗಿದ್ದರಿಂದ, ಪಂಪು ಓಡಿಸದ ದಿನ ಅದರಲ್ಲಿ ಗಾಳಿ ಇರುತ್ತಿತ್ತು, ನೀರು ದಾಟುತ್ತಿರಲಿಲ್ಲ. ಓಡಿಸಿದ ದಿನ ಪೈಪಿನ ತುಂಬ ನೀರು. ಹೊರಗಿನ ಮಟ್ಟ ಒಳಗಿನ ತಳಕ್ಕಿಂತ ಎತ್ತರ. ಪಂಪು ನಿಂತ ಕೂಡಲೇ ಸೈಫನ್ ಶುರು, ಅಂದರೆ ತುಂಬಿದ ಪೈಪಿನೊಳಗೆ ಎತ್ತರದ ನೀರು ತಾನಾಗಿ ತಗ್ಗಿಗೆ ಹರಿಯುವುದು. ಒಳಗೆ ಬಂದ ನೀರಿಗೆ ದೋಣಿ ಇನ್ನಷ್ಟು ಕೆಳಗಿಳಿಯುತ್ತದೆ, ಬಾಯಿ ಇನ್ನಷ್ಟು ಮುಳುಗುತ್ತದೆ, ಹಾಗಾಗಿ ತಾನಾಗಿ ನಿಲ್ಲುವ ಮಾತೇ ಇಲ್ಲ. ಸುತ್ತಲಿನ ಎಷ್ಟೋ ರೈತರಿಗೆ ಸೈಫನ್ ಎಂದರೇನೆಂದು ಕೈ ಆಡಿಸಿ ವಿವರಿಸಿದವ ನಾನು. ತಮ್ಮ ಈ ಸುದ್ದಿಯನ್ನು ಊಟಕ್ಕೆ ಕೂತಾಗೆಲ್ಲ ಇನ್ನೂ ತೆಗೆಯುತ್ತಾನೆ.

ಪರಿಹಾರ ಅರ್ಧ ದಿನದ ಕೆಲಸ. ಹಳೆಯ ಬಾಯಿ ಮುಚ್ಚಿ, ಹೊಸದನ್ನು ದೋಣಿಯ ಅಂಚಿಗೆ ಎರಡು ಬೆರಳು ಕೆಳಗೆ ಕೊರೆಯುವುದು. ಪೈಪನ್ನು ಅಂಚಿನವರೆಗೆ ಮೇಲೇರಿಸಿ ಬಾಗಿಸುವುದು. ಬಾಗಿನ ತುದಿಯಲ್ಲಿ ಗಾಳಿ ಎಳೆಯಲು ಸೂಜಿ ಮೊನೆಯಷ್ಟು ತೂತು ಮಾಡುವುದು. ಪಂಪು ನಿಂತಾಗ ಆ ತೂತಿನಿಂದ ಗಾಳಿ ಹೊಕ್ಕು ಸೈಫನ್ ಕಡಿಯುತ್ತದೆ. ಹೊಲದ ಪಂಪಿಗೆ ಫುಟ್‌ವಾಲ್ವ್ ಹಾಕಿದಂತೆ ಇಲ್ಲಿಗೂ ಒಮ್ಮುಖ ವಾಲ್ವ್ ಹಾಕಿದರಾಗದೇ ಎಂದು ಹಲವರು ಕೇಳುತ್ತಾರೆ. ನಾನು ಹಾಕುವುದಿಲ್ಲ. ಬಲೆಯ ದಾರ, ಜಾಲಿ ಎಲೆ, ಮೀನಿನ ಹುರುಪೆ ಒಂದು ಸಿಕ್ಕಿಕೊಂಡರೆ ಅದು ಅರ್ಧ ತೆರೆದೇ ನಿಲ್ಲುತ್ತದೆ, ನೀವು ಮುಚ್ಚಿದೆ ಎಂದುಕೊಂಡು ಮಲಗಿರುತ್ತೀರಿ.

ಪಂಪಿನ ಮಾತು ಬಂದದ್ದಕ್ಕೆ ಇನ್ನೊಂದು. ಡಬ್ಬಿಯ ಮೇಲೆ ಗಂಟೆಗೆ 500 ಗ್ಯಾಲನ್ ಎಂದು ಬರೆದಿದ್ದರೆ ಅದು ಹೆಚ್ಚುಕಡಿಮೆ 1,900 ಲೀಟರ್, ಅಂದರೆ ನಿಮಿಷಕ್ಕೆ 31 ಲೀಟರ್. ಅದು ಎತ್ತರವಿಲ್ಲದೆ, ತುಂಬಿದ ಬ್ಯಾಟರಿಯಲ್ಲಿ ಸಿಗುವ ಲೆಕ್ಕ. ಮೂರು ಅಡಿ ಮೇಲೆತ್ತಿ, ಇಳಿದ ಬ್ಯಾಟರಿಯಲ್ಲಿ ಓಡಿಸಿದರೆ ಅಷ್ಟು ಬರುವುದಿಲ್ಲ. ಈಗ ಈ ಕಡೆ ನೋಡಿ: ನೀರಿನ ಮಟ್ಟಕ್ಕೆ ಒಂದು ಅಡಿ ಕೆಳಗೆ ಒಂದು ಇಂಚಿನ ತೂತಾದರೆ ನಿಮಿಷಕ್ಕೆ 40 ಲೀಟರಿಗಿಂತ ಹೆಚ್ಚು ಒಳಬರುತ್ತದೆ. ಬೂಚು ಹಾಕದೆ ದೋಣಿ ಇಳಿಸಿದವನನ್ನು ಈ ಪಂಪು ಕಾಯುವುದಿಲ್ಲ.

ದಂಡೆಗೆ ಎಳೆದು ನೋಡುವುದು

ತೂತು ತಳದಲ್ಲೇ ಇದೆ ಎಂದು ಖಾತ್ರಿಯಾದರೆ ದೋಣಿಯನ್ನು ದಂಡೆಗೆ ಎಳೆದು, ಎರಡು ದಿಮ್ಮಿಯ ಮೇಲೆ ಕೂಡಿಸಿ, ಹೊರಮೈ ಪೂರ್ತಿ ಒಣಗಲು ಬಿಡಿ. ನಂತರ ಒಳಗೆ ನೀರು ಹೊಯ್ಯಿರಿ. ಒಂದು ಚೋಟು ಆಳ ಸಾಕು, ಅದಕ್ಕಿಂತ ಹೆಚ್ಚಾದರೆ ನೀರಿನ ತೂಕಕ್ಕೆ ತಳವೇ ಬಿರಿದೀತು. ಒಳಗಿನ ನೀರು ಹೊರಗೆ ಎಲ್ಲಿ ಬೆವರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಏಣಿನ ಉದ್ದಕ್ಕೂ, ದಂಡೆಯ ಕಲ್ಲಿಗೆ ಉಜ್ಜುವ ಮುಂಭಾಗದಲ್ಲೂ ಹೆಚ್ಚು ಹೊತ್ತು ನೋಡಿ. ಶಹಾಬಾದ ಕಲ್ಲಿನ ಪದರಗಳ ಅಂಚು ಫರಸಿಯ ಮೇಲೆ ಚೆಂದ, ದೋಣಿಯ ತಳಕ್ಕೆ ಅದು ಕುಡುಗೋಲು.

ಎಂ-ಸೀಲ್ ಒತ್ತಿ ಮುಗಿಸಬೇಡಿ. ಒಣ ಜಾಗಕ್ಕೆ ಅದು ಕಚ್ಚುತ್ತದೆ, ಮನೆಗೆ ತಲುಪಿಸುತ್ತದೆ, ಅಷ್ಟೇ. ಸರಿಯಾದ ಕೆಲಸವೆಂದರೆ ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಿ ತೆಗೆಯುವುದು. ಒಡಲಿನ ದಪ್ಪ 4 ಮಿಲಿಮೀಟರ್ ಇದ್ದರೆ ಸುತ್ತಲೂ 5 ಸೆಂಟಿಮೀಟರ್‌ನಷ್ಟು ಇಳಿಜಾರು ಬೇಕು, ಇಲ್ಲದಿದ್ದರೆ ತೇಪೆ ಬಿಲ್ಲೆಯಂತೆ ಎದ್ದು ಬರುತ್ತದೆ. ಅಸಿಟೋನ್‌ನಿಂದ ಒರೆಸಿ, ಫೈಬರ್ ಮ್ಯಾಟನ್ನು ಸಣ್ಣದರಿಂದ ದೊಡ್ಡದಕ್ಕೆ ಪದರ ಪದರವಾಗಿ ರೆಸಿನ್‌ನಲ್ಲಿ ನೆನೆಸಿ ಕೂಡಿಸಿ, ಗಾಳಿ ಗುಳ್ಳೆ ಉಳಿಯದಂತೆ ಒತ್ತಿ.

ಒಂದು ಕಿಲೋ ಪಾಲಿಯೆಸ್ಟರ್ ರೆಸಿನ್‌ಗೆ ಹಾರ್ಡನರ್ 10ರಿಂದ 20 ಮಿಲಿಲೀಟರ್. ನಮ್ಮ ಬೇಸಿಗೆಗೆ 10 ಸಾಕು, ಅದೂ ಮುಂಜಾನೆ ಬಿಸಿಲೇರುವ ಮೊದಲು. ಮಧ್ಯಾಹ್ನ ಕಲಸಿದರೆ ಡಬ್ಬಿಯಲ್ಲೇ ಹೊಗೆಯಾಡಿ ಗಟ್ಟಿಯಾಗುತ್ತದೆ. ರೆಸಿನ್ ಬೇಗ ಗಟ್ಟಿಯಾಗಲು ಸೇರಿಸುವ ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಹಾರ್ಡನರ್ ಕೊನೆಗೆ. ಆ ಎರಡನ್ನು ಮಾತ್ರ ನೇರವಾಗಿ ಒಂದಕ್ಕೊಂದು ಹೊಯ್ಯಬೇಡಿ, ಬೆಂಕಿ ಹತ್ತಿ ಸಿಡಿಯುತ್ತದೆ.

ಹರಗೋಲಿನ ರೋಗ ಇದಕ್ಕಿಂತ ಸರಳ. ಬಿದಿರಿನ ಬುಟ್ಟಿ, ಮೇಲೆ ತಾಡಪತ್ರಿ ಅಥವಾ ಗೋಣಿ, ಅದರ ಮೇಲೆ ಡಾಂಬರು. ಬೇಸಿಗೆಯಲ್ಲಿ ಬೋರಲು ಹಾಕಿಟ್ಟರೆ ಡಾಂಬರು ಕರಗಿ ಅಂಚಿನ ಕಡೆ ಇಳಿಯುತ್ತದೆ, ತಳದ ನಡುವೆ ತೆಳ್ಳಗಾಗುತ್ತದೆ. ನೆರಳಲ್ಲಿಡಿ. ಒಳಗೆ ಕೂತು ಬಿಸಿಲಿಗೆ ಎತ್ತಿ ಹಿಡಿಸಿ ನೋಡಿದರೆ ಬೆಳಕಿನ ಚುಕ್ಕೆಗಳೇ ತೂತು ತೋರಿಸುತ್ತವೆ.

ಕಟ್ಟಿಟ್ಟಲ್ಲೇ ಮುಳುಗುವ ದೋಣಿ

ಇದರಲ್ಲಿ ತೂತೇ ಇರುವುದಿಲ್ಲ. ಎಷ್ಟೋ ದೋಣಿಗಳು ಹಗ್ಗದಿಂದ ಮುಳುಗುತ್ತವೆ.

ನಮ್ಮ ಹೊಳೆಗಳ ಮಟ್ಟ ಮಳೆ ಹೇಳಿದಂತೆ ಕೇಳುವುದಿಲ್ಲ, ಅಣೆಕಟ್ಟು, ಬ್ಯಾರೇಜುಗಳ ಗೇಟು ಹೇಳಿದಂತೆ ಕೇಳುತ್ತದೆ. ಭೀಮೆಗೆ ಮಹಾರಾಷ್ಟ್ರದ ಉಜನಿ, ನಮ್ಮಲ್ಲಿ ಅಫಜಲಪುರ ತಾಲ್ಲೂಕಿನ ಸೊನ್ನ, ಆಮೇಲೆ ಸನ್ನತಿ, ಗುರುಸಣಗಿ. ಕೃಷ್ಣೆಗೆ ಆಲಮಟ್ಟಿ, ನಾರಾಯಣಪುರದ ಬಸವಸಾಗರ. ಆಕಾಶದಲ್ಲಿ ಒಂದು ಮೋಡವಿಲ್ಲದ ರಾತ್ರಿಯಲ್ಲೂ ನೀರು ಆಳೆತ್ತರ ಏರಬಹುದು, ಇಳಿಯಬಹುದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಊರೊಳಗೆ ಬಂದದ್ದನ್ನು ಈ ದಂಡೆಯವರು ಯಾರೂ ಮರೆತಿಲ್ಲ.

ಗಿಡ್ಡ ಹಗ್ಗದಿಂದ ಕಟ್ಟಿದ ದೋಣಿಗೆ ನೀರು ಏರಿದಾಗ ಮೂಗು ಕೆಳಗೆ ಜಗ್ಗಿದಂತಾಗಿ ಮುಂಭಾಗದ ಅಂಚಿನಿಂದ ನೀರು ಹೊಕ್ಕುತ್ತದೆ. ನೀರು ಇಳಿದಾಗ ಒಂದು ಬದಿ ಕಲ್ಲಿನ ಮೇಲೆ ಕೂತು, ಇನ್ನೊಂದು ಬದಿ ಹೊಳೆಯತ್ತ ವಾಲಿ ತುಂಬಿಕೊಳ್ಳುತ್ತದೆ. ನನ್ನ ದೋಣಿಯ ಎರಡನೇ ಮುಳುಗಾಟ ಇದೇ. ಮೊದಲನೆಯದರ ಸೈಫನ್ ಕಂಡುಹಿಡಿದ ಹೆಮ್ಮೆಯಲ್ಲಿದ್ದೆ, ಹಗ್ಗದ ಕಡೆ ಗಮನವೇ ಇರಲಿಲ್ಲ. ಮುಂಜಾನೆ ನೋಡಿದರೆ ಘಾಟಿನ ಮೆಟ್ಟಿಲ ಮೇಲೆ ಒಂದು ಅಂಚು ಕೂತಿತ್ತು, ಉಳಿದದ್ದು ನೀರೊಳಗೆ.

ಈಗ ಮುಂದಿನಿಂದ ಎರಡು ಮಾರು ಸಡಿಲ ಬಿಟ್ಟು ಒಂದು ಹಗ್ಗ, ಹಿಂದಿನಿಂದ ಹೊಳೆಯ ಕಡೆಗೆ ಲಂಗರಿಗೆ ಇನ್ನೊಂದು. ಲಂಗರೆಂದರೆ ಸಿಮೆಂಟ್ ತುಂಬಿದ ಡಬ್ಬಿ, ಬೇರೇನಲ್ಲ. ಹಿಂದಿನ ಹಗ್ಗ ದೋಣಿಯನ್ನು ಕಲ್ಲಿನಿಂದ ದೂರ ಹಿಡಿದಿರುತ್ತದೆ. ನೀರು ಬಿಡುತ್ತಾರೆಂದು ಡಂಗುರ ಸಾರಿದ ದಿನ ಇದನ್ನೂ ನಂಬುವುದಿಲ್ಲ, ದೋಣಿಯನ್ನು ಪೂರ್ತಿ ಮೇಲಕ್ಕೆ ಎಳೆಸುತ್ತೇನೆ.

ಮಳೆಯ ಲೆಕ್ಕ ಯಾರೂ ಮಾಡುವುದಿಲ್ಲ, ಅದು ಎಲ್ಲಕ್ಕಿಂತ ಸುಲಭದ್ದು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ನಮ್ಮ ದೋಣಿಯ ಬಾಯಿ ಸುಮಾರು 5 ಚದರ ಮೀಟರ್. ಒಂದು ರಾತ್ರಿ 50 ಮಿಲಿಮೀಟರ್ ಹೊಡೆದರೆ 250 ಲೀಟರ್, ಐವತ್ತು ಕಿಲೋ ತೂಕದ ಐದು ತೊಗರಿ ಚೀಲ. ಚೀಲವಾದರೆ ಇಟ್ಟಲ್ಲೇ ಇರುತ್ತದೆ. ನೀರು ದೋಣಿ ವಾಲಿದ ಕಡೆಗೆ ಓಡಿ ಅದನ್ನು ಇನ್ನಷ್ಟು ವಾಲಿಸುತ್ತದೆ. ಆದ್ದರಿಂದ ತಾಡಪತ್ರಿ ಹೊದಿಸುವಾಗ ನಡುವೆ ಒಂದು ಬಿದಿರು ನಿಲ್ಲಿಸಿ ಗುಡಾರದಂತೆ ಇಳಿಜಾರು ಕೊಡಿ. ಚಪ್ಪಟೆಯಾಗಿ ಹೊದಿಸಿದರೆ ತಾಡಪತ್ರಿಯ ಹೊಟ್ಟೆಯಲ್ಲೇ ಕೆರೆ ನಿಲ್ಲುತ್ತದೆ.

ಹೊರೆ, ಮತ್ತು ಹಿಂದಿನ ಅಲೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಗೊತ್ತಿಲ್ಲದವರಿಲ್ಲ, ಮಾಡುವವರಿಲ್ಲ. ನಿಂತ ದೋಣಿಯ ಅಂಚು ನೀರಿಗಿಂತ ಕನಿಷ್ಠ ಒಂದು ಗೇಣು ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಒಬ್ಬರು ಇಳಿಯಬೇಕು, ಅವರು ಬೀಗರೇ ಆಗಿರಲಿ. ನಮ್ಮ ಗಾತ್ರದ ದೋಣಿ ಐವತ್ತು ಕಿಲೋ ಹೊರೆಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಇಳಿಯುತ್ತದೆ, ಅದೂ ಹೊರೆ ನಡುವೆ ಇಟ್ಟರೆ. ಎಂಜಿನ್, ಬ್ಯಾಟರಿ, ಪೆಟ್ರೋಲ್ ಡಬ್ಬಿ, ಓಡಿಸುವವ ಎಲ್ಲರೂ ಹಿಂದೆಯೇ ಕೂತರೆ ಹಿಂಭಾಗದ ಗೇಣು ಬೆರಳಾಗುತ್ತದೆ.

ಆಗಲೇ ಆ ಇನ್ನೊಂದು ದೋಷ ಕಾಣುವುದು. ಜೋರಾಗಿ ಬಂದು ದಂಡೆ ಹತ್ತಿರ ಒಮ್ಮೆಲೇ ಆಕ್ಸಿಲರೇಟರ್ ಇಳಿಸುತ್ತಾರೆ. ದೋಣಿ ನಿಲ್ಲುತ್ತದೆ, ಅದು ಎಬ್ಬಿಸಿದ ಅಲೆ ನಿಲ್ಲುವುದಿಲ್ಲ, ಹಿಂದಿನಿಂದ ಬಂದು ಎಂಜಿನ್ ಹಲಗೆಯ ಮೇಲಿಂದ ಒಳಗೆ ಬೀಳುತ್ತದೆ. “ದಂಡಿ ಮುಟ್ಟೋವಾಗೆಲ್ಲ ನೀರ್ ಬರ್ತದ್ರಿ” ಎಂದು ಯಾರಾದರೂ ದೂರು ತಂದರೆ ದೋಣಿಯನ್ನು ನೋಡುವುದಕ್ಕಿಂತ ಮೊದಲು ಅವರು ಓಡಿಸುವುದನ್ನು ನೋಡಿ.

ನಡುಹೊಳೆಯಲ್ಲಿ ನೀರು ನುಗ್ಗಿದರೆ

ಎಂಜಿನ್ ನಿಧಾನ ಮಾಡಿ, ಹತ್ತಿರದ ದಂಡೆಗೆ ಮೂಗು ತಿರುಗಿಸಿ. ಯಾರೂ ಎದ್ದು ನಿಲ್ಲಬಾರದು. ತೂತು ಕೈಗೆ ಸಿಕ್ಕರೆ ಅರಿವೆ ಸುತ್ತಿದ ಮೆತ್ತನೆ ಕಟ್ಟಿಗೆಯ ಗೂಟ ಬಡಿಯಿರಿ, ನೆನೆದಷ್ಟು ಅದು ಉಬ್ಬಿ ಬಿಗಿಯಾಗುತ್ತದೆ. ಗೂಟ ಹಿಡಿಯದ ಸೀಳಾದರೆ ಹೊರಗಿನಿಂದ ತಾಡಪತ್ರಿಯನ್ನು ತಳದ ಕೆಳಗೆ ಎಳೆದು ಕಟ್ಟಿ, ನೀರಿನ ಒತ್ತಡವೇ ಅದನ್ನು ಸೀಳಿಗೆ ಅಂಟಿಸುತ್ತದೆ. ಉಳಿದವರು ಬಕೆಟ್ ಹಿಡಿಯಲಿ. ದೋಣಿಯಲ್ಲಿ ಎರಡು ಬಕೆಟ್ ಇರಬೇಕು, ಎರಡಕ್ಕೂ ಹಗ್ಗ ಕಟ್ಟಿರಬೇಕು. ಗಾಬರಿಯಲ್ಲಿ ಮೊದಲು ಹೊಳೆಗೆ ಹೋಗುವುದು ಬಕೆಟ್ಟೇ.

ಲೈಫ್ ಜಾಕೆಟ್ ಹಲಗೆಯ ಕೆಳಗಿದ್ದರೆ ಇಲ್ಲದಂತೆಯೇ, ಮೈಮೇಲಿರಬೇಕು. ದೋಣಿ ತುಂಬಿದರೂ ಅದನ್ನು ಬಿಟ್ಟು ಈಜಬೇಡಿ, ಹಿಡಿದುಕೊಂಡಿರಿ. ಹಾಗೆ ಹಿಡಿಯಲು ಅದು ತೇಲುತ್ತಿರಬೇಕಲ್ಲ? ಕಟ್ಟಿಗೆಯ ದೋಣಿ ತಾನೇ ತೇಲುತ್ತದೆ, ಫೈಬರ್ ಕಲ್ಲಿನಂತೆ ಇಳಿಯುತ್ತದೆ. ಇದಕ್ಕೆ ಖರ್ಚಿಲ್ಲದ ಉಪಾಯ ಖಾಲಿ ಎಣ್ಣೆ ಕ್ಯಾನು. ಬಿಗಿಯಾಗಿ ಮುಚ್ಚಿದ 20 ಲೀಟರ್ ಕ್ಯಾನು ಒಂದು, ಸುಮಾರು 19 ಕಿಲೋ ಎತ್ತಿ ಹಿಡಿಯುತ್ತದೆ. 150 ಕಿಲೋ ಫೈಬರ್ ಒಡಲು ನೀರೊಳಗೆ 50 ಕಿಲೋಗಿಂತ ಸ್ವಲ್ಪವೇ ಹೆಚ್ಚು ತೂಗುತ್ತದೆ, ಎಂಜಿನ್ ಬ್ಯಾಟರಿ ಸೇರಿಸಿಕೊಳ್ಳಿ. ಎಂಟು ಕ್ಯಾನು ಕೂಡುವ ಹಲಗೆಗಳ ಕೆಳಗೆ, ಎರಡೂ ಬದಿಗೆ ಸಮನಾಗಿ, ಪಟ್ಟಿಯಿಂದ ಬಿಗಿದರೆ ತುಂಬಿದ ದೋಣಿಯೂ ಅಂಚಿನವರೆಗೆ ನೀರು ಹೊತ್ತು ತೇಲಿಕೊಂಡಿರುತ್ತದೆ. ಸಡಿಲ ಕಟ್ಟಿದರೆ ಕ್ಯಾನು ತೇಲುತ್ತದೆ, ದೋಣಿ ಹೋಗುತ್ತದೆ.

ಹೊಸ ವಿಚಾರವೇನಲ್ಲ ಇದು. ಕೃಷ್ಣೆಯ ನಡುಗಡ್ಡೆ ನೀಲಕಂಠರಾಯನಗಡ್ಡಿಯ ಮಂದಿ, ಬಸವಸಾಗರದಿಂದ ನೀರು ಬಿಟ್ಟು ದಾರಿ ಕಡಿದಾಗ, ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಹೊಳೆ ದಾಟುತ್ತಿದ್ದರು. ಕ್ಯಾನು ತೋರಿಸಿದಾಗ ಕಾಕಾ ಅದನ್ನು ತಟ್ಟಿ ನೋಡಿ, “ಬುರುಡಿನೇ ಅಲ್ಲೇನು ಇದು?” ಎಂದು ನಕ್ಕಿದ್ದ. ಮುಚ್ಚಳಗಳನ್ನು ಮಾತ್ರ ವರ್ಷಕ್ಕೊಮ್ಮೆ, ಮಿರಗದ (ಮೃಗಶಿರ) ಮಳೆಗಿಂತ ಮೊದಲು, ತೆಗೆದು ನೋಡಿ. ಕಳೆದ ಸಲ ನಮ್ಮ ಎಂಟರಲ್ಲಿ ಮೂರರೊಳಗೆ ನೀರಿತ್ತು. ಈಗ ಮುಚ್ಚಳದ ಕೆಳಗೆ ಸೈಕಲ್ ಟ್ಯೂಬಿನ ಬಿಲ್ಲೆ ಕತ್ತರಿಸಿ ಹಾಕಿದ್ದೇನೆ, ಅದೇ ಟ್ಯೂಬಿನಿಂದ ಡ್ರೇನ್ ಬೂಚಿಗೆ ಎರಡು ವಾಶರ್ ಹೆಚ್ಚಿಗೆ ಮಾಡಿ ಎಂಜಿನ್ ಕೀಲಿಕೈಯ ದಾರಕ್ಕೆ ಪೋಣಿಸಿಟ್ಟಿದ್ದೇನೆ.